ಟ್ರೀಟಬಲ್, ಕ್ಯೂರಬಲ್

ಮಾರ್ಚ್ 4, ಸಂಜೆ

ಇವತ್ತೂ ವಾರ್ಡಿಂದ ವಾರ್ಡಿಗೆ ಓಡಾಟ. ಡಾಕ್ಟರ ಇಂಗ್ಲಿಷನ್ನ ನಮ್ಮ ಭಾಷೆಯ ರೋಗಿಗಳಿಗೆ ದಾಟಿಸೋದು, ಅವರ ಗೋಳನ್ನ ಇಂಗ್ಲಿಷಿಗೆ. ಗಂಟಲು ಒಣಗಿದೆ. ದುಭಾಷಿಗಳಿಗೆ ಆಸ್ಪತ್ರೆಯ ರೂಲು — ಸೇರಿಸಬಾರದು, ಬಿಡಬಾರದು. ಮನೆಯವರಿಗಂತೂ ದುಭಾಷಿಯಾಗಿ ಕೂರಲೇಬಾರದು. ನಾಳೆ ಅಕ್ಕನ ರಿಪೋರ್ಟು. "ನೀನೇ ಬಾರೇ. ಬೇರೆಯವರ ಮುಂದೆ ಬಟ್ಟೆ ಬಿಚ್ಚಿ ಬಿಚ್ಚಿ ಸಾಕಾಗಿದೆ" ಅಂದಳು. ಒಪ್ಪಿಬಿಟ್ಟೆ. ಬುದ್ಧಿ ಎಲ್ಲಿಟ್ಟಿದ್ದೆನೋ.

ಮಾರ್ಚ್ 5

ಡಾಕ್ಟರು ಅಕ್ಕನ ಕ್ಯಾನ್ಸರನ್ನ "ಟ್ರೀಟಬಲ್" ಅಂದರು. "ಕ್ಯೂರಬಲ್" ಅನ್ನಲಿಲ್ಲ. ಅಂತಾರೇನೋ ಅಂತ ಕಾದೆ... ಇಲ್ಲ.

ಮೊದಲನೆಯದಕ್ಕೆ ಚಿಕಿತ್ಸೆ ಇದೆ. ಔಷಧಿ ರೋಗವನ್ನ ತಡೆದು ಹಿಡಿಯುತ್ತೆ, ಎಷ್ಟು ದಿನ ಅಂತ ಗೊತ್ತಿಲ್ಲ. ಎರಡನೆಯದಾದರೆ ರೋಗವೇ ಹೋಗುತ್ತೆ. ಬಿಪಿ ಟ್ರೀಟಬಲ್, ನ್ಯುಮೋನಿಯಾ ಕ್ಯೂರಬಲ್ — ಹೊಸಬರಿಗೆ ನಾನೇ ಹೇಳಿಕೊಡೋ ಪಾಠ ಇದು. ಅಕ್ಕ ನನ್ನ ಮುಖವನ್ನೇ ನೋಡ್ತಿದ್ದಳು. "ಔಷಧಿ ಇದೆ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆ. "ಹಾಗಾದ್ರೆ ವಾಸಿ ಆಗುತ್ತೆ, ಬಿಡು!" — ಭಾವನ ಮುಖ ಅರಳಿತು. ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಮಾರ್ಚ್ 19

ಬರೆಯೋಕೂ ಬೇಜಾರು. ಅಕ್ಕನ ಮಗಳ ಮದುವೆ ಮುಂದಿನ ತಿಂಗಳು ಅಂತಿತ್ತು. ಅಕ್ಕ ಈಗ ಅದನ್ನ ಮುಂದಿನ ವರ್ಷಕ್ಕೆ ಹಾಕಿದ್ದಾಳೆ! "ವಾಸಿಯಾಗ್ಲಿ, ಕೂದಲು ಬರ್ಲಿ. ಬೋಳು ತಲೇಲಿ ಫೋಟೋಗೆ ನಿಂತ್ರೆ ಬೀಗರು ಹುಡುಗನ್ನ ಎತ್ಕೊಂಡು ಓಡ್ತಾರೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕೆ. ಮುಂದಿನ ವರ್ಷದ ಬಗ್ಗೆ ಡಾಕ್ಟರೇ ಮಾತು ಕೊಡಲ್ಲ. ಅವಳು ಆ ಮದುವೆ ನೋಡದೆ ಹೋದರೆ ಅದಕ್ಕೆ ನಾನೇ ಕಾರಣ.

ಮಾರ್ಚ್ 22, ಮಧ್ಯಾಹ್ನ

ಹೇಳಿಬಿಟ್ಟೆ. ಡ್ರಿಪ್ ಹಾಕಿಸಿಕೊಂಡು ಕೂತಿದ್ದಳು. ಭಾವ ಕಾಫಿಗೆ ಹೋಗಿದ್ದರು. "ಅಕ್ಕಾ, ಇದು ತಡೆಯೋ ಔಷಧಿ ಅಷ್ಟೇ. ಹೋಗಲಾಡಿಸೋದಲ್ಲ. ಡಾಕ್ಟರು ಅವತ್ತೇ ಹೇಳಿದ್ರು."

ಅತ್ತಿದ್ದು ನಾನು. ಅವಳು ಸೂಜಿ ಇಲ್ಲದ ಕೈಯಲ್ಲಿ ನನ್ನ ಬೆನ್ನಿಗೊಂದು ಗುದ್ದಿದಳು. "ಇಷ್ಟು ದಿನ ಒಬ್ಳೇ ಹೊತ್ಕೊಂಡು ತಿರುಗಿದ್ಯಲ್ಲೇ, ಮೂದೇವಿ."

ಆಮೇಲೆ ಮಗಳಿಗೆ ಫೋನ್ ಮಾಡಿದಳು. "ಮದುವೆ ಮುಂದಿನ ತಿಂಗಳೇ ಇಟ್ಕೊಳ್ಳೋಣ ಕಣೇ." ಹುಡುಗಿ ಏನೋ ಕೇಳಿರಬೇಕು. ಅಕ್ಕ ಫೋನು ನನ್ನ ಕೈಗೆ ತುರುಕಿದಳು. "ನೀನೇ ಹೇಳು. ಈ ಸಲ ಪೂರ್ತಿ ಹೇಳು."

"ಚಿಕ್ಕಮ್ಮಾ, ಅಮ್ಮ ಹುಷಾರಾಗ್ತಾಳೆ ತಾನೇ?"

"ಔಷಧಿ ಇದೆ, ಪುಟ್ಟಾ" ಅಂದೆ, ಈ ಸಲ ಅಷ್ಟಕ್ಕೇ ನಿಲ್ಲಿಸದೆ "ಅದು ತಡೆಯುತ್ತೆ ಅಷ್ಟೇ, ಹೋಗಲಾಡಿಸಲ್ಲ" ಅಂತಲೂ ಹೇಳಿದೆ.