ಎರಡಡಿ ಹುಲ್ಲು

ಮರ್ಲ್,

ನೀನು ಸತ್ತು ವರ್ಷವಾಯಿತು. ಇವತ್ತು ನಿನ್ನ ಮೇಲೆ ಹೊಸದಾಗಿ ಸಿಟ್ಟು ಬಂದಿದೆ.

ಪಕ್ಕದ ನಿನ್ನ ಮನೆ ಕೊಂಡ ಡೆನಿಸ್ ಬೇಲಿ ಹಾಕಿಸಬೇಕೆಂದು ಸರ್ವೇಯರನನ್ನು ಕರೆಸಿದ್ದಳು. ಯುದ್ಧ ಮುಗಿಸಿ ಬಂದ ನಮ್ಮಪ್ಪಂದಿರಿಗೆ ಈ ಬೀದಿಯ ಮನೆಗಳನ್ನು ಕಟ್ಟಿಕೊಟ್ಟಾಗ ಹೂತಿದ್ದ ಗಡಿಗೂಟವನ್ನು ಅವನು ಅಗೆದು ತೋರಿಸಿದ.

"ನಿಮ್ಮ ಅಂಗಳ ಇಲ್ಲಿಗೇ ಮುಗೀತು, ಸ್ಟ್ಯಾನ್ ಅವರೇ. ಈ ಎರಡಡಿ ನಂದಂತೆ," ಅಂದಳು ಡೆನಿಸ್.

ಅದೇ ಎರಡಡಿ. ನಿನ್ನ ಹುಲ್ಲು ಕತ್ತರಿಸುವ ಮಷೀನು ಅಲ್ಲಿ ಒಂದು ಸಾಲು ಓಡಿತೆಂದು ನಾನು, "ಇನ್ನೊಂದ್ಸಲ ನನ್ನ ಜಾಗಕ್ಕೆ ಬಂದ್ರೆ ಪೊಲೀಸ್ರನ್ನ ಕರೀತೀನಿ" ಅಂದಿದ್ದೆ. "ಆಯ್ತು ಬಿಡು," ಅಂದು ನೀನು ಒಳಗೆ ಹೋದೆ. ಆಮೇಲೆ ಹದಿನಾಲ್ಕು ವರ್ಷ ನಾವು ಮಾತಾಡಲಿಲ್ಲ.

ಮಣ್ಣಿನಡಿ ಗೂಟದ ಮೇಲೆ ನೀನು ಮೊಳೆ ತುಂಬಿಡುತ್ತಿದ್ದ ಕಾಫಿ ಡಬ್ಬಿಯೊಂದು ಬೋರಲಾಗಿ ಕೂತಿತ್ತು. ಅದರ ಮೇಲೆ ನೀನು ಕೆಂಪು ಬಣ್ಣದಲ್ಲಿ ಬರೆದ "ಎರಡಿಂಚು ಮೊಳೆ" ಇನ್ನೂ ಅಳಿಸಿಲ್ಲ. ಅಂದರೆ ನೀನು ಅಗೆದು ನೋಡಿದ್ದೆ, ನೋಡಿ ಮತ್ತೆ ಮುಚ್ಚಿದ್ದೆ. ನನ್ನ ಬಾಗಿಲು ತಟ್ಟಿ "ಕತ್ತೆ, ಬಂದು ನೋಡು" ಅನ್ನೋಕೆ ನಿನಗೇನು ರೋಗ ಬಂದಿತ್ತು?

ಬೇಲಿಯವರು ಸೋಮವಾರ ಬರುತ್ತಾರೆ. ಇವತ್ತು ಮಧ್ಯಾಹ್ನ ನಾನೇ ಆ ಎರಡಡಿ ಹುಲ್ಲು ಕತ್ತರಿಸಿದೆ. ಬೇಕೆಂದೇ ನಿನ್ನ ಕಡೆಗೆ ಇನ್ನೊಂದು ಸಾಲು ದಾಟಿದೆ.

ಯಾರೂ ಬಯ್ಯಲಿಲ್ಲ.