ಆ ಶುಕ್ರವಾರದ ಪಾಳಿ

ಮಂಗಳವಾರ, ಮಾರ್ಚ್ ೧೪

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ಹೇಗಿದ್ದೀರಿ ಅಂತ ಕೇಳೋದಕ್ಕೂ ಮುಖ ಇಲ್ಲ, ಆದರೂ ಕೇಳ್ತಿದ್ದೀನಿ. ಐದು ತಿಂಗಳಾಯ್ತು. ಒಂದೇ ಊರಲ್ಲಿದ್ದುಕೊಂಡು, ಎರಡು ಬಸ್ಸು ಹತ್ತಿದರೆ ಸಿಗೋ ಮನೆಗೆ ಕಾಗದ ಬರೀತಾಳಲ್ಲ ಇವಳು ಅಂತ ನಗಬೇಡಿ. ನಿಮ್ಮ ಗೇಟಿನವರೆಗೆ ಎರಡು ಸಲ ಬಂದಿದ್ದೆ. ಒಂದು ಸಲ ನೀವು ಮಹಡಿ ಮೇಲೆ ಬಟ್ಟೆ ಒಣಹಾಕ್ತಾ ಇದ್ದಿರಿ. ನಲವತ್ತು ಜನರ ಮುಂದೆ ಗಂಟಲು ಹರಿದುಕೊಳ್ಳೋಳಿಗೆ ‘ಅತ್ತಿಗೆ’ ಅಂತ ಒಂದು ಕೂಗು ಹಾಕೋಕಾಗಲಿಲ್ಲ. ವಾಪಸ್ ಬಂದುಬಿಟ್ಟೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. “ನಿಮ್ಮ ಅತ್ತಿಗೆಗೆ ಏನಾಗಿದೆಯೋ ಗೊತ್ತಿಲ್ಲ ಕಣೆ. ದಾರೀಲಿ ನಾಯಿಮರಿ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಾಳೆ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೀತಾಳೆ, ಬೆರಳ ಸಂದಿಯೆಲ್ಲ ಬಿರಿದಿದೆ. ನಾನು ಮುಟ್ಟಿದ್ದು ಉಳಿಯಲ್ಲ ಅಂತಾಳೆ” ಅಂದ. ನಾನು ಹೂಂ ಅಂದೆ. ಹೂಂ ಅಂದು ಫೋನ್ ಇಟ್ಟೆ ಅತ್ತಿಗೆ. ಎಂಥ ಹೆಂಗಸು ನಾನು!

ಮೊದಲು ನಮ್ಮ ನಾಯಿ-ಬೆಕ್ಕುಗಳ ಶೆಲ್ಟರಿನ ಸುದ್ದಿ ಹೇಳ್ತೀನಿ, ಅಷ್ಟರಲ್ಲಿ ಧೈರ್ಯ ಬರಬಹುದು. ನೀವಿದ್ದಾಗ ನಲವತ್ತೊಂದು ಜನ ಸ್ವಯಂಸೇವಕರಿದ್ದರು, ಈಗ ಹದಿನೆಂಟು. ನಮ್ಮ ರಿಟೈರ್ಡ್ ಕಂಡಕ್ಟರು ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಇವತ್ತಿಗೂ ನಾಯಿಗಳನ್ನು ವಾಕಿಂಗ್ ಹೊರಡಿಸುವಾಗ ಶಿಳ್ಳೆ ಹೊಡೆದು, “ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ” ಅಂತಾರೆ. ಕುಂಟ ನಾಯಿ ಕರಿಯನಿಗೆ ಒಂದು ಮನೆ ಸಿಕ್ಕಿತು. ಬೆಕ್ಕುಗಳ ಕೋಣೆಗೆ ಹೊಸ ಜಾಲರಿ ಬಂತು. ಬೇಕರಿಯಾಕೆ ಈಗ ವಾರಕ್ಕೊಂದು ಸಲ ಬರ್ತಾಳೆ, ಬಂದರೂ ನನ್ನ ಜೊತೆ ಹೆಚ್ಚು ಮಾತಿಲ್ಲ.

ಜನ ಯಾಕೆ ಹೋದರು ಅಂತ ಕಮಿಟಿಯವರು ಕೇಳಿದರು. ಪರೀಕ್ಷೆ ಸಮಯ, ಚಳಿ, ಅದು ಇದು ಅಂತ ಏನೋ ತೇಲಿಸಿದೆ. ನಿಜ ಏನು ಅಂತ ನನಗೆ ಗೊತ್ತು. ಪಾಳಿಯ ಪಟ್ಟಿ ನನ್ನದು, ಜನ ನಿಮ್ಮವರು. ದೊಡ್ಡ ನಾಯಿಗೆ ಹೆದರೋ ಬೇಕರಿಯಾಕೆಗೆ ಬೆಕ್ಕುಗಳ ಕೆಲಸ ಕೊಡಿ ಅಂದವರು ನೀವು. ಗಂಡ ತೀರಿಕೊಂಡ ಆ ಟೈಪಿಸ್ಟ್‌ಗೆ ಭಾನುವಾರ ಮನೇಲಿ ಕೂರೋಕಾಗಲ್ಲ, ಭಾನುವಾರದ ಪಾಳಿಯನ್ನೇ ಕೊಡಿ ಅಂದವರೂ ನೀವೇ. ನಾನೋ, ಹತ್ತು ನಿಮಿಷ ತಡವಾಗಿ ಬಂದಳು ಅಂತ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದೆ. ಅವರೆಲ್ಲ ಹಿಂದಿನಿಂದ ನನ್ನನ್ನ ‘ಪಟ್ಟಿ ಮೇಡಂ’ ಅಂತ ಕರೀತಾರೆ. ನನಗೇನು ಕಿವಿ ಇಲ್ವೇ?

ಇರಲಿ. ಸುತ್ತಿ ಬಳಸಿ ಸಾಕಾಯ್ತು, ಆ ಶುಕ್ರವಾರಕ್ಕೆ ಬರ್ತೀನಿ.

ರೋಗದ ನಾಯಿಗಳ ಕೋಣೆಗೆ ಹೋದವರು ಅವತ್ತು ಮರಿಗಳ ಕೋಣೆಗೆ ಕಾಲಿಡಕೂಡದು. ಇದು ನಾನೇ ಕೆಂಪಕ್ಷರದಲ್ಲಿ ಬರೆದು ಎರಡೂ ಬಾಗಿಲಿಗೆ ಅಂಟಿಸಿದ ನಿಯಮ. ಅವತ್ತು ಬೆಳಿಗ್ಗೆ ಮೂರು ಜನ ಬರೋಕಾಗಲ್ಲ ಅಂದರು. ನೀವು ರೋಗದ ಕೋಣೆ ತೊಳೆದು ಹೊರಗೆ ಬಂದಿರಿ. ಮರಿಗಳಿಗೆ ಹಾಲು ಕುಡಿಸೋಕೆ ಯಾರೂ ಇರಲಿಲ್ಲ. ಏಳು ಮರಿಗಳೂ ಕುಯ್ಯೋ ಅಂತಿದ್ದವು. ನಾನು “ಅತ್ತಿಗೆ, ನೀವೇ ಹೋಗಿಬಿಡಿ” ಅಂದೆ.

ನೀವು ಬಾಗಿಲ ಹತ್ತಿರವೇ ನಿಂತು, “ಇದೇ ಬಟ್ಟೇಲಾ? ಬೂಟೂ ಇದೇ ಇದೆಯಲ್ಲ?” ಅಂತ ಕೇಳಿದಿರಿ.

“ಕೈ ತೊಳಕೊಂಡ್ರೆ ಸಾಕು, ಏನೂ ಆಗಲ್ಲ. ಒಂದು ದಿನಕ್ಕೆ ಆಕಾಶ ಬಿದ್ದುಹೋಗುತ್ತಾ?” ಅಂದೆ ನಾನು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ರೋಗದ ಕೋಣೆಯ ಮೂಲೆಯಲ್ಲಿದ್ದ ಕಂದು ನಾಯಿಗೆ ಕರುಳಿನ ಸೋಂಕು ಖಚಿತ ಅಂತ ಡಾಕ್ಟರು ಬೆಳಿಗ್ಗೆ ಎಂಟಕ್ಕೇ ನನಗೆ ಹೇಳಿದ್ದರು. “ಮರಿಗಳಿಗೆ ತಗುಲಿದ್ರೆ ಒಂದೂ ಉಳಿಯಲ್ಲ, ಎಲ್ಲರಿಗೂ ಹೇಳಿಬಿಡಿ” ಅಂದಿದ್ದರು. ನಾನು ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಮರಿಗಳ ಕೋಣೆಗೆ ಹೋಗ್ತಿರಲಿಲ್ಲ. ಪಟ್ಟಿಯಲ್ಲಿ ಒಂದು ಚೌಕ ಖಾಲಿ ಉಳೀತಿತ್ತು. ಅಷ್ಟೇ ಕಾರಣ ಅತ್ತಿಗೆ, ಇನ್ನೇನೂ ಇಲ್ಲ. ನಾನೇ ಕೂತು ಹಾಲು ಕುಡಿಸಬಹುದಿತ್ತು. ಕಮಿಟಿಗೆ ತಿಂಗಳ ವರದಿ ಬರೀತಾ ಕೂತಿದ್ದೆ.

ಬುಧವಾರ ಮೊದಲನೆಯದು ಹೋಯ್ತು. ಶನಿವಾರದ ಹೊತ್ತಿಗೆ ಏಳೂ ಹೋದವು. ಅವತ್ತೇ ಡಾಕ್ಟರು ಎರಡೂ ಕೋಣೆಯ ಹಾಜರಿ ಪುಸ್ತಕ ತೆಗೆಸಿ ನೋಡಿದರೆ ಆ ಶುಕ್ರವಾರದ ಪುಟದಲ್ಲಿ ಎರಡರಲ್ಲೂ ನಿಮ್ಮ ಸಹಿ. ಅಂಗಳದಲ್ಲಿ ಎಲ್ಲರ ಎದುರಿಗೇ ಕೇಳಿದರು. “ನಂದೇ ತಪ್ಪು, ನಾನೇ ಹೋದೆ” ಅಂದಿರಿ. ನನ್ನ ಕಡೆ ಒಂದು ಸಲ ನೋಡಲೂ ಇಲ್ಲ. ನಾನು ಪೆನ್ನಿನ ಮುಚ್ಚಳ ತೆಗೆಯೋದು, ಹಾಕೋದು ಮಾಡ್ತಾ ನಿಂತಿದ್ದೆ. ಮಾರನೇ ದಿನ ನಿಮ್ಮ ಬೂಟು ತೊಳೆದು, ಒಣಗಿಸಿ, ಬಾಗಿಲ ಹತ್ತಿರ ಜೋಡಿಸಿಟ್ಟು ಹೋದಿರಿ.

ಅಲ್ಲಿಗೆ ನಿಂತಿದ್ದರೂ ನಾನು ಒಂದಿಷ್ಟು ಮನುಷ್ಯಳು ಅನ್ನಿಸಿಕೊಳ್ತಿದ್ದೆ. ಆಮೇಲೆ ಹೊಸಬರಿಗೆ ತರಬೇತಿ ಶುರು ಮಾಡಿದೆನಲ್ಲ, ಅದರಲ್ಲಿ ನಿಮ್ಮನ್ನೇ ಪಾಠ ಮಾಡಿದೆ. “ಒಬ್ಬ ಸ್ವಯಂಸೇವಕಿಯ ಅಜಾಗರೂಕತೆಯಿಂದ ಏಳು ಮರಿಗಳು ಸತ್ತವು” ಅಂತ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದೆ. ನಾಲ್ಕು ತಂಡಕ್ಕೆ ಹೇಳಿದೆ, ಕೊನೆಕೊನೆಗೆ ದನಿ ಎಲ್ಲಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದೂ ರೂಢಿಯಾಗಿಬಿಟ್ಟಿತ್ತು.

ಮೊನ್ನೆ ಭಾನುವಾರ ಐದನೇ ತಂಡ. ಶಾಲೆಯಲ್ಲಿ ಪಾಠ ಮಾಡೋ ಒಬ್ಬಾಕೆ ಕೈ ಎತ್ತಿ, “ಪಾಪ, ಅವರನ್ನ ಆ ಕೋಣೆಗೆ ಕಳಿಸಿದ್ದು ಯಾರು?” ಅಂತ ಕೇಳಿದಳು. ಐದು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ ಇದನ್ನ. ಕಂಡಕ್ಟರು ಬಾಲ್ಡಿ ಹಿಡಿದುಕೊಂಡು ಅಲ್ಲೇ ಇದ್ದರು. ಅವರೂ ನನ್ನ ಮುಖ ನೋಡಿದರು.

“ನಾನು” ಅಂದೆ.

ಎಲ್ಲವನ್ನೂ ಹೇಳಿದೆ ಅತ್ತಿಗೆ. ಡಾಕ್ಟರು ಎಂಟು ಗಂಟೆಗೆ ಹೇಳಿದ್ದು, ನೀವು ಬೂಟಿನ ಬಗ್ಗೆ ಕೇಳಿದ್ದು, ನಾನು ಅಂದಿದ್ದು, ಏನೂ ಬಿಡಲಿಲ್ಲ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತು ಕೇಳ್ತಿದ್ದ ಬೇಕರಿಯಾಕೆ ಅಳೋಕೆ ಶುರುಮಾಡಿ, “ಅವರು ಅಂಗಡಿಗೆ ಬಂದಾಗ ನಾನು ಬೆನ್ನು ತಿರುಗಿಸಿಬಿಟ್ಟೆ ಮೇಡಂ” ಅಂದಳು. ಕಂಡಕ್ಟರು ಬಾಲ್ಡಿ ಕೆಳಗಿಟ್ಟು ಹೊರಟುಹೋದರು. ಡಾಕ್ಟರಿಗೂ ಕಮಿಟಿಗೂ ಬರೆದು ಕೊಟ್ಟಿದ್ದೀನಿ. ಆ ತರಬೇತಿ ಕಾಗದಗಳನ್ನೆಲ್ಲ ಹರಿದು ಹಾಕಿದೆ. ಪಟ್ಟಿ ಬರೆಯೋ ಕೆಲಸ ಟೈಪಿಸ್ಟ್‌ಗೆ ವಹಿಸಿದ್ದಾರೆ. ನನಗೀಗ ರೋಗದ ಕೋಣೆ ತೊಳೆಯೋ ಪಾಳಿ.

ನಿಮ್ಮ ಕೈಯಿಂದ ಆ ಮರಿಗಳು ಸಾಯಲಿಲ್ಲ ಅತ್ತಿಗೆ. ನನ್ನ ಮಾತಿನಿಂದ ಸತ್ತವು. ಇನ್ನು ಆ ಕೈಗಳನ್ನು ಉಜ್ಜಬೇಡಿ. ನೀವು ವಾಪಸ್ ಬರಲೇಬೇಕು ಅಂತ ಕೇಳ್ತಿಲ್ಲ, ಕೇಳೋ ಹಕ್ಕು ನನಗಿಲ್ಲ. ಅಣ್ಣನಿಗೂ ಈ ಕಾಗದ ಓದಿಸಿ, ಅವನು ನನಗೆ ಏನು ಬೇಕಾದರೂ ಅನ್ನಲಿ. ಮಕ್ಕಳಿಗೆ ಒಳ್ಳೆಯದಾಗಲಿ. ನಿಮಗೆ ಕಣ್ತುಂಬ ನಿದ್ದೆ ಬರಲಿ, ಅಷ್ಟು ಸಾಕು ನನಗೆ.

ನಿಮ್ಮ ನಾದಿನಿ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಹೆದರಿಕೆಗೆ ಸುಮ್ಮನಿದ್ದೆ ಅಂತ ನೀವು ಅಂದುಕೊಳ್ತೀರಿ, ಕ್ಷಮಿಸಿಯೂ ಬಿಡ್ತೀರಿ, ನಿಮ್ಮ ಗುಣವೇ ಅದು. ಹೆದರಿಕೆ ಇತ್ತು, ಇಲ್ಲ ಅನ್ನಲ್ಲ. ಆದರೆ ಅವತ್ತು ಅಂಗಳದಲ್ಲಿ ಎಲ್ಲರೂ ನಿಮ್ಮ ಕಡೆ ತಿರುಗಿ ನೋಡಿದರಲ್ಲ, ಆಗ ನನಗೆ ಒಂದು ಗಳಿಗೆ ಹಾಯೆನಿಸಿತು. ಕಷ್ಟ ಸುಖ ಅಂದರೆ ಎಲ್ಲರೂ ನಿಮ್ಮ ಹತ್ತಿರ ಓಡ್ತಿದ್ದರು. ನನ್ನ ಹತ್ತಿರ ಬರೋದು ರಜೆ ಕೇಳೋಕೆ ಮಾತ್ರ. ಇನ್ನು ಮೇಲೆ ನನ್ನ ಹತ್ತಿರವೇ ಬರ್ತಾರೆ ಅಂದುಕೊಂಡೆ. ಏಳನೇ ಮರಿಯನ್ನು ಆಗಿನ್ನೂ ಮಣ್ಣು ಮಾಡಿರಲಿಲ್ಲ. ನಿಮ್ಮ ಮಡಿಲಲ್ಲೇ ಇತ್ತು.