ಲೋಟ ಬಡಿದರೆ ಚಹಾ ಕೊಡಬೇಡ

ಅವ್ವಾ,

ಎದುರಿಗೆ ಹೇಳಿದರೆ ನೀನು ಅಳುತ್ತೀಯೆಂಬ ಅಂಜಿಕೆಗೆ ಬರೆದಿಟ್ಟು ಹಾವೇರಿ ಬಸ್ಸಿಗೆ ಹೊರಟಿದ್ದೇನೆ. ಹಾಲು ಕಾಸಿದೆ.

ಅಪ್ಪ ಲೋಟ ಬಡಿದರೆ ಅತ್ತ ನೋಡಲೂಬೇಡ. ‘ಚಾ’ ಅಂತ ತೊದಲಿದರೂ ಸಾಕು, ಆಗಿಂದಾಗಲೇ ಕೊಡು, ನಕ್ಕು ಕೊಡು. ಮೆಣಸಿನಕಾಯಿ ಲಾರಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಹೋದ ಅಪ್ಪನ ಮಾತು ಹೀಗೇ ಮರಳಿ ರೂಢಿಯಾಗಬೇಕೆಂದು ಧಾರವಾಡದ ಡಾಕ್ಟರು ನಿನ್ನೆದುರೇ ಹೇಳಿದರಲ್ಲ? ಬಡಿದರೇ ಸಿಗುವಾಗ ಅಪ್ಪ ಯಾಕೆ ಮಾತಾಡಿಯಾನು?

“ಲಗ್ನ ಆದಾಗಿಂದ ಅವರು ಬಾಯಿಬಿಟ್ಟು ಕೇಳೂ ಹಂಗ ಇಟ್ಟಿಲ್ಲ ನಾ. ಈಗ ಬೇಡಸ್ಲೇನ? ಡಿಗ್ರಿ ಓದಿ ಎದಿ ಕಲ್ಲು ಮಾಡ್ಕೊಂಡೀದಿ” ಅಂತ ನೀನು ಅಂದೆ.

ಹಂಗಲ್ಲ ಬೇ ಯವ್ವಾ. ಅಪ್ಪನ ದನಿ ಹ್ಯಾಂಗಿತ್ತು ಅನ್ನೂದ ನನಗ ಮರ್ತು ಹೋಗಾಕತ್ತೈತಿ.